ಮಜ್ಜಿಗೆಹುಲ್ಲು

ಗುಡ್ಡದಾಚೆಯ ದಾರಿ ಮುಚ್ಚಿದೆ ಎಂದು
ಹಳದಿ ಕೋಟಿನ ಹುಡುಗ ಕಾರಿನ ಗಾಜು ತಟ್ಟಿ ಹೇಳಿದ.
ನಾಳೆ ತೆರೆಯಬಹುದು, ಇಲ್ಲಾ ನಾಡಿದ್ದು.
ಸೋಲ್ವೇಗ್ ಗೊಣಗದೆ ಕಾರು ತಿರುಗಿಸಿದಳು.
ಮೂರು ಬೀದಿ, ಒಂದು ಚರ್ಚು, ಮೀನಿನ ಕಾರ್ಖಾನೆ,
ಅಂಚಿನವರೆಗೂ ಹಿಮ ತುಂಬಿಕೊಂಡ ದೋಣಿಗಳು.
"ಇಲ್ಲೊಂದು ಥಾಯ್ ಹೋಟೆಲಿದೆ" ಅಂದಳು,
ಐಸ್‌ಲ್ಯಾಂಡಿನ ಈ ತುದಿಯಲ್ಲಿ
ಅದು ಇರದೆ ಇನ್ನೇನಿರುತ್ತದೆ ಅನ್ನುವ ಹಾಗೆ.

ಹಿಂದೊಮ್ಮೆ ಪೆಟ್ರೋಲ್ ಬಂಕು. ಬಾಗಿಲ ಪಕ್ಕ ಈಗಲೂ
ಟೈರಿಗೆ ಗಾಳಿ ತುಂಬುವ ಕೊಳವೆ ನೇತಾಡುತ್ತಿದೆ.
ಒಳಗೆ ಐದು ಮೇಜು. ಪಾಳಿ ಮುಗಿಸಿ ಬಂದವರು
ಬೂಟು ಬಿಚ್ಚಿಟ್ಟು ಉಣ್ಣೆಯ ಕಾಲುಚೀಲದಲ್ಲಿ ಕೂತು
ಮಾತಿಲ್ಲದೆ ಉಣ್ಣುತ್ತಿದ್ದರು.
ಒಡತಿಯ ಹೆಸರು ಬುಪ್ಪಾ. ಏನರ್ಥ ಅಂದೆ. ಹೂವು ಅಂದಳು.
ಓಹೋ, ನಮ್ಮ ಪುಷ್ಪ!
ಕಲಾಸಿನ್‌ನಿಂದ ಬಂದವಳು, ಹದಿನಾಲ್ಕು ವರ್ಷ
ಕಾರ್ಖಾನೆಯಲ್ಲಿ ಕಾಡ್ ಮೀನಿನ ಮುಳ್ಳು ತೆಗೆದವಳು.
ಬೆರಳು ಮಾತು ಕೇಳದಾದಾಗ ಒರಳು ಹಿಡಿದಳಂತೆ.
ಪರಂಗಿಕಾಯಿ ಇಲ್ಲಿ ಎಲ್ಲಿಂದ ಬರಬೇಕು?
ಈ ನೆಲದ ಹಳದಿ ಗೆಡ್ಡೆಯನ್ನೇ ತುರಿದು
ಮೆಣಸಿನ ಜೊತೆ ಕುಟ್ಟುತ್ತಾಳೆ. ಧಡ್, ಧಡ್.
ಹೊರಗೆ ಗಾಳಿ ಅದಕ್ಕೆ ತಾಳ ತಪ್ಪುತ್ತದೆ.

ಸಾರು ಬಂತು. ಒಂದೇ ಬಟ್ಟಲು, ಎರಡು ಚಮಚ.
ನನ್ನ ಕೈ ಒಂದು ಗಳಿಗೆ ತಡೆಯಿತು.
ಎಂಜಲು ಅನ್ನುವ ಮಾತನ್ನು ಬಿಡಿಸಿ ಹೇಳುವಷ್ಟರಲ್ಲಿ
ಅವಳ ಚಮಚ ಎರಡು ಸಲ ಹೋಗಿಬಂದಿತ್ತು.
ಮೂರನೆಯದಕ್ಕೆ ನಾನೂ ಇಳಿದೆ.

"ಒಂದು ಹೇಳಬೇಕು" ಅಂದಳು.
"ಎರಡು ವರ್ಷವಾಯಿತು, ಜ್ವರ ಹೋಗುವಾಗ ಮೂಗನ್ನೂ ಒಯ್ದಿತು.
ಹುಳಿ ಗೊತ್ತಾಗುತ್ತದೆ, ಉಪ್ಪು, ಸಿಹಿ, ಈ ಉರಿ.
ಅದರಾಚೆಗೆ ಗೋಡೆ.
ಅಮ್ಮ ಮಾಡುವ ಮೀನು ಆಲೂಗಡ್ಡೆ ಬಿಸಿ ಬಟ್ಟೆ ಅಗಿದ ಹಾಗೆ.
ಇಲ್ಲಾದರೆ ನಾಲ್ಕೂ ಒಟ್ಟಿಗೆ ಬಂದು ಬಾಗಿಲು ಬಡಿಯುತ್ತವೆ.
ಉಳಿದದ್ದು ನೀನು ಹೇಳು."

ಮೊನ್ನೆ ಕೆಟ್ಟ ಹಾಲಿನ ಕಾಫಿಯನ್ನು
ಪೂರ್ತಿ ಕುಡಿದಿದ್ದಳು, ಸುಮ್ಮನೆ.
ನಾನದನ್ನು ದಾಕ್ಷಿಣ್ಯ ಅಂದುಕೊಂಡಿದ್ದೆ.

ಏನು ಹೇಳಲಿ? ಇದು ಮಜ್ಜಿಗೆಹುಲ್ಲು ಅಂದೆ.
ಮಜ್ಜಿಗೆಯೆ? ಹುಲ್ಲೆ? ನಕ್ಕಳು.
ನಿಮ್ಮಕ್ಕನ ಹೊಲದಲ್ಲಿ ಹುಲ್ಲು ಕುಯ್ದ ಮಾರನೆಯ ಬೆಳಗ್ಗೆ
ದೂರದಲ್ಲಿ ಯಾರೋ ನಿಂಬೆಹಣ್ಣು ಹೆಚ್ಚಿದ ಹಾಗೆ.
"ಹುಲ್ಲು ನೆನಪಿದೆ" ಅಂದಳು, ಮೆಲ್ಲಗೆ.
ಈ ಬಿಲ್ಲೆ ಶುಂಠಿಯ ದಾಯಾದಿ; ಬೀಗ ಹಾಕಿಟ್ಟ
ಔಷಧದ ಪೆಟ್ಟಿಗೆ ತೆರೆದಂತೆ, ಒಳಗೊಂದು ತುಂಡು ದೇವದಾರು.
ಮೀನಿನ ರಸಕ್ಕೆ ಬಂದಾಗ ಮಾತು ಸಿಗಲಿಲ್ಲ.
"ಅದು ಬಿಡು, ನಾನು ಹುಟ್ಟಿದ್ದೇ ಅದರೊಳಗೆ."

ಬುಪ್ಪಾ ಎಲ್ಲ ಕೇಳಿಸಿಕೊಂಡಿದ್ದಳೇನೋ.
ಫ್ರೀಜರಿನಿಂದ ಹೆರಳೆಯಂಥದೊಂದು ಎಲೆ ತಂದು
ಬಾಗಿದ ಬೆರಳಲ್ಲಿ ಹಿಸುಕಿ
ಸೋಲ್ವೇಗಳ ಮೂಗಿನ ಕೆಳಗೆ ಹಿಡಿದಳು.
ಪಕ್ಕದ ಮೇಜಿನವರೂ ಉಣ್ಣುವುದು ನಿಲ್ಲಿಸಿದರು.
ನನಗೆ ಇಡೀ ಕೋಣೆ ಹಸಿರಾಯಿತು.
ಅವಳು ಕಣ್ಣು ಮುಚ್ಚಿ ಎಳೆದುಕೊಂಡಳು, ಮತ್ತೊಮ್ಮೆ.
"ತಣ್ಣಗಿದೆ" ಅಂದಳು.
ಬುಪ್ಪಾ ತಲೆಯಾಡಿಸಿ, ಅಯ್ಯೋ ಪಾಪ ಅನ್ನದೆ,
ಇನ್ನೂ ನಾಲ್ಕು ಮೆಣಸು ಕುಟ್ಟಲು ಹೋದಳು.

ಆಮೇಲೆ ಮೂವರದೂ ಕಣ್ಣು ಸೋರಿತು, ಮೂಗೂ ಸೋರಿತು.
"ನೋಡು, ಇಷ್ಟಾದರೂ ಕೆಲಸ ಮಾಡುತ್ತದೆ!"

ಬಟ್ಟಲ ತಳದಲ್ಲಿ ಒಂದು ನಾರುಕಡ್ಡಿ ಉಳಿದಿತ್ತು.
ಕಾಗದದಲ್ಲಿ ಸುತ್ತಿ ಅವಳು ಜೇಬಿಗಿಟ್ಟಳು.
"ದಾರಿ ತೆರೆದಾಗ ಕಾರಿನಲ್ಲಿ ನೀನು ಮೂಸಿ ನೋಡು.
ಹುಲ್ಲು ನಿಂಬೆ ಎರಡೂ ಆಯಿತು.
ಬೇರೆ ಏನಾದರೂ ಹೇಳು."