ಐನೂರ ಒಂಬತ್ತು ಗ್ರಾಂ

ನಾಲ್ಕು ಕಿಲೋ ಎಣ್ಣೆ. ಹೋದ ವರ್ಷದ್ದು, ಜಾಡಿಯ ತಳದ್ದು,
ಬ್ರೆಡ್ಡಿಗೆ ಸವರಿದರೆ ಗಂಟಲು ಕೆರೆಯುವಂಥದ್ದು.
ಹಳೇ ದಿಂಬಿನ ಚೀಲದಲ್ಲಿ ಎರಡು ಸಲ ಸೋಸಿ
ತಕ್ಕಡಿಯ ಮೇಲಿಟ್ಟೆ.
ಅತ್ತೆ ಪೆಲಾಗಿಯಾ ಬಾಗಿಲಲ್ಲಿ ಕುರ್ಚಿ ಹಾಕಿ ಕೂತಿದ್ದಾಳೆ,
ಮಡಿಲಲ್ಲಿ ಒಂದು ಮೊಟ್ಟೆ.

ಒಂದೊಂದು ಎಣ್ಣೆಯ ಹಸಿವು ಒಂದೊಂದು ಥರ ಅಂತ
ಮಿತಿಲಿನಿಯ ಔಷಧದಂಗಡಿಯ ಥೆಯೋಫಾನಿಸ್
ರಸೀದಿಯ ಬೆನ್ನಿಗೆ ಬರೆದುಕೊಟ್ಟಿದ್ದ:
ಆಲಿವಿನ ಗ್ರಾಮಿಗೆ ಸೊನ್ನೆ ಬಿಂದು ಒಂದು ಮೂರು ನಾಲ್ಕು,
ತೆಂಗಿಗೆ ಸೊನ್ನೆ ಬಿಂದು ಒಂದು ಎಂಟು ಮೂರು.
ತೆಂಗು ಹೊಟ್ಟೆಬಾಕ, ಮಿರ್ಸಿನಿ, ಅದರ ಸಹವಾಸ ನಿನಗೆ ಬೇಡ.

ನಾಲ್ಕು ಸಾವಿರಕ್ಕೆ ಗುಣಿಸಿದೆ. ಐನೂರ ಮೂವತ್ತಾರು.
ನೂರಕ್ಕೆ ಐದು ಬಿಡು ಅಂದಿದ್ದ, ಬಿಟ್ಟೆ.
ಸೋಡಾದ ಕೈಗೆ ಸಿಗದೆ ಉಳಿದಷ್ಟು ಎಣ್ಣೆ ಚರ್ಮಕ್ಕೆ;
ಇಲ್ಲದಿದ್ದರೆ ಸಾಬೂನು ಕೊಳೆಯ ಜೊತೆ
ನಿನ್ನನ್ನೂ ತೊಳೆದು ಹಾಕುತ್ತದೆ.
ಐನೂರ ಒಂಬತ್ತು, ಮೇಲೆ ಚಿಲ್ಲರೆ.
ಚಿಲ್ಲರೆ ನನ್ನ ತಕ್ಕಡಿಯ ಕಣ್ಣಿಗೆ ಕಾಣುವುದಿಲ್ಲ.
ನೀರು ಅದರ ಎರಡರಷ್ಟು, ಸಾವಿರದ ಹದಿನೆಂಟು.
ಅಳೆದರೂ ಅಷ್ಟೇ, ತೂಗಿದರೂ ಅಷ್ಟೇ:
ನೀರಿನಷ್ಟು ಮರ್ಯಾದಸ್ಥರು ಈ ಮನೆಯಲ್ಲಿ ಬೇರೆ ಯಾರಿಲ್ಲ.

"ಲೆಕ್ಕವಂತೆ!" ಅತ್ತೆ ಶುರುಮಾಡಿದಳು.
"ನಾವು ಬೂದಿಯಲ್ಲಿ ಮಾಡಿದವರು. ಆಲಿವ್ ಕಟ್ಟಿಗೆಯ ಬೂದಿ, ಮಳೆನೀರು.
ಮೊಟ್ಟೆ ಮುಳುಗಿದರೆ ಇನ್ನೂ ಕುದಿಸು.
ತೇಲಿ, ನಾಣ್ಯದಗಲ ಬೋಳುತಲೆ ತೋರಿಸಿದರೆ ಇಳಿಸು."

ಸೋಡಾವನ್ನು ನೀರಿಗೆ ಸುರಿಯಬೇಕು, ನೀರನ್ನು ಸೋಡಾದ ಮೇಲಲ್ಲ.
ಇದೊಂದನ್ನು ಮಾತ್ರ ಇಬ್ಬರೂ ಒಂದೇ ಬಾಯಲ್ಲಿ ಹೇಳುತ್ತೇವೆ.
ಅವಳ ಬಲ ಮಣಿಕಟ್ಟಿನಲ್ಲಿ ಅವರೆಕಾಳಿನಂಥ ಬಿಳಿ ಗುರುತು,
ಯಾವ ವರ್ಷದ್ದೆಂದು ಇದುವರೆಗೂ ಬಾಯಿಬಿಟ್ಟಿಲ್ಲ.
ಸುರಿದೆ. ಒಲೆಯಿಲ್ಲದೆ ನೀರು ಕಾಯಿತು,
ಹಬೆ ಎದ್ದಿತು, ಉಸಿರು ಬಿಗಿಹಿಡಿದು ಕಿಟಕಿಯತ್ತ ಸರಿದೆ.
ಅಷ್ಟರಲ್ಲಿ ಅವಳು ಮೊಟ್ಟೆ ಇಳಿಬಿಟ್ಟಾಗಿತ್ತು.
ತೇಲಿತು, ಮಗ್ಗುಲಾಗಿ, ಊಟ ಮುಗಿಸಿ ಮಲಗಿದವರ ಹಾಗೆ.
"ನೋಡು!"

ಮುರಿದ ಹುಟ್ಟಿನ ತುಂಡಿನಲ್ಲಿ ತಿರುವಿದೆ,
ಎಳೆದ ಗೆರೆ ಮೇಲೆ ನಿಲ್ಲುವವರೆಗೆ.
ಮೀನಿನ ಪೆಟ್ಟಿಗೆಗೆ ಕಾಗದ ಹಾಸಿ ಹೊಯ್ದೆ.

ಮೂರನೇ ದಿನ ಕತ್ತಿ ಬೆಣ್ಣೆಗೆ ಇಳಿದಂತೆ ಇಳಿಯಿತು.
ಹತ್ತನೇ ದಿನವೂ ಒತ್ತಿದ ಬೆರಳಿನ ಅಚ್ಚು ಹಾಗೇ ಉಳಿಯಿತು.
ನಾಲಿಗೆಗೆ ತಾಗಿಸಿದೆ: ಚುರುಕಿಲ್ಲ, ಉರಿಯಿಲ್ಲ, ಬರೀ ಜಿಡ್ಡು.
ರಸೀದಿಯ ಬೆನ್ನಿಗೆ, ಗೋಡೆಗೆ, ಚೆಲ್ಲಿದ ಹಿಟ್ಟಿನ ಮೇಲೆ,
ಮೂರು ಕಡೆ ಮತ್ತೆ ಗುಣಿಸಿದೆ.
ಮೂರೂ ಕಡೆ ಸರಿ. ಅಳು ಬಂತು.

ಆಮೇಲೆ ಏಣಿಮೆಟ್ಟಿಲ ಕೆಳಗಿನ ಸೋಡಾದ ಚೀಲ ನೋಡಿದೆ.
ಈಸ್ಟರಿನಿಂದ ಬಾಯಿಗೆ ಒಂದು ದಾರ, ಅದೂ ಸಡಿಲ.
ಹರಳೆಲ್ಲ ತೊಯ್ದ ಉಪ್ಪಿನಂತೆ ಗಡ್ಡೆಕಟ್ಟಿವೆ.
ನಾಲ್ಕು ತಿಂಗಳು ಕತ್ತಲಲ್ಲಿ ಕೂತು
ಅದು ಬಂದರಿನ ಗಾಳಿ ಕುಡಿದಿದೆ.
ನಾನು ತೂಗಿದ ಐನೂರ ಒಂಬತ್ತರಲ್ಲಿ
ಒಂದಿಷ್ಟು ಸಮುದ್ರ.

ತಕ್ಕಡಿ ಸುಳ್ಳಾಡಲಿಲ್ಲ. ಎಷ್ಟು ಅಂತ ಕೇಳಿದ್ದೆ,
ಏನು ಅಂತ ಕೇಳಿರಲಿಲ್ಲ.
ಮೊಟ್ಟೆಯೋ, ಅಷ್ಟು ಕಡು ನೀರಿನಲ್ಲಿ ಹೇಗೂ ತೇಲುತ್ತದೆ,
ಉಪ್ಪುನೀರಿನಲ್ಲೂ ತೇಲುತ್ತದೆ.
"ಮೊಟ್ಟೆಗೇನು ಗೊತ್ತು," ಅಂದಳು ಪೆಲಾಗಿಯಾ,
ಮೊಟ್ಟೆ ನನ್ನದೇ ಉಪಾಯ ಅನ್ನುವ ಹಾಗೆ.

ಬಡಗಣ ಗಾಳಿಗೆ ಒಣಗಲಿ ಎಂದು ಅಟ್ಟದ ಹಲಗೆಗೆ ಹರವಿದೆ,
ಭಾನುವಾರ ಭಾನುವಾರ ಮಗುಚಿದೆ.
ಅವಳು ಕಾಯಲಿಲ್ಲ. ಒಂದು ಮೂಲೆ ಮುರಿದುಕೊಂಡು
ಸಾರ್ಡೀನಿಗೆ ಉಪ್ಪು ತಿಕ್ಕಿ ಬಿರಿದ ಕೈಗಳನ್ನು
ತೊಟ್ಟಿಯ ಹತ್ತಿರ ಬಹಳ ಹೊತ್ತು ತೊಳೆದಳು.
ಚೆನ್ನಾಗಿದೆ ಅನ್ನಲಿಲ್ಲ.
ಮರುದಿನ ಇನ್ನೊಂದು ಮೂಲೆ ಮುರಿದಿತ್ತು.

ಪುಸ್ತಕದಲ್ಲಿ ಬರೆದಿಟ್ಟೆ, ಮುಂದಿನ ಸಲಕ್ಕೆ:
ಎಣ್ಣೆ ನಾಲ್ಕು ಸಾವಿರ. ಸೋಡಾ ಐನೂರ ಒಂಬತ್ತು.
ನೀರು ಸಾವಿರದ ಹದಿನೆಂಟು.
ಅದರ ಕೆಳಗೆ, ಸಮುದ್ರ ಅಂತ ಬರೆದು
ಪೆನ್ಸಿಲ್ ಹಿಡಿದು ಕೂತೆ.