ಬಲಗಡೆಯ ಕೆಳಮೂಲೆ

ಖಲ್ಫಾನ್ ಸಾಹೇಬರು ಕಾರಿನಲ್ಲೇ ಕೂತು ಬರೆಯುತ್ತಾರೆ,
ಟೇಪಿನ ಇನ್ನೊಂದು ತುದಿ ಹಿಡಿದು ಓಡುವವನು ನಾನು.
ಕಂಬದಿಂದ ಕಂಬಕ್ಕೆ ನೂರು ಮೀಟರ್ ಇರಬೇಕು,
ತಿರುವಿಗೆ ಐವತ್ತು, ಮಸೀದಿಯ ಗೋಡೆಗೆ ಇಷ್ಟು, ಶಾಲೆಗೆ ಇಷ್ಟು,
ಅರಬ್ಬಿ ಅಕ್ಷರ ಮೇಲೆ, ಉಳಿದ ಭಾಷೆ ಅದಕ್ಕಿಂತ ಗಿಡ್ಡ.
ಆರು ವರ್ಷದಿಂದ ಮಸ್ಕತ್ತನ್ನು ನಾನು ನೋಡಿದ್ದು ಹೀಗೆ:
ಕುತ್ತಿಗೆ ಎತ್ತಿ, ಒಂದು ಕಣ್ಣು ಮುಚ್ಚಿ,
ಬೆಟ್ಟಕ್ಕಿಂತ ಮುಂಚೆ ಬೋರ್ಡು.

ಬಲದಿಯಾದ ನಕ್ಷೆಯಲ್ಲಿ ಬಣ್ಣಗಳಿವೆ.
ಹಳದಿಯಲ್ಲಿ ಜನ ವಾಸಿಸುತ್ತಾರೆ.
ಕೆಂಪಿನಲ್ಲಿ ಮಾರುತ್ತಾರೆ.
ನೇರಳೆ ಅಂದರೆ ಕಾರ್ಖಾನೆ, ಗೋದಾಮು, ಗ್ಯಾರೇಜು;
ನೇರಳೆಯಲ್ಲಿ ಯಾರೂ ಮಲಗುವುದಿಲ್ಲ.
ನಿಯಮ ಹದಿನೇಳು: ಹಳದಿಯ ಕಿಟಕಿಗೆ
ರಾತ್ರಿ ಹನ್ನೊಂದರ ಮೇಲೆ ಬೋರ್ಡಿನ ಬೆಳಕು ಬೀಳಕೂಡದು.

ಘಾಲಾದ ನೇರಳೆಯಲ್ಲಿ, ಟೈರ್ ಗೋದಾಮಿನ ಮೇಲಿನ ಮಾಳಿಗೆಯಲ್ಲಿ
ನಾವು ಒಂಬತ್ತು ಜನ ಮಲಗುತ್ತೇವೆ.
ಹತ್ತಕ್ಕೆ ಮಾಲೀಕ ದೀಪದ ಮೈನ್ ಆರಿಸುತ್ತಾನೆ, ಎಸಿ ಮಾತ್ರ ಬಿಟ್ಟು.
ಕಿಟಕಿಗೆ ಎದುರು, ಹದಿನೆಂಟು ಮೀಟರಿಗೆ (ನಾನೇ ಅಳೆದದ್ದು)
ಮಜ್ಜಿಗೆಯ ಜಾಹೀರಾತು.
ಇಡೀ ರಾತ್ರಿ ಒಂದು ಲೋಟ ತುಂಬುತ್ತಲೇ ಇರುತ್ತದೆ.
ಅಲ್ಲಿ ಚೆಲ್ಲುವುದಿಲ್ಲ, ಇಲ್ಲಿ ಚೆಲ್ಲುತ್ತದೆ:
ಡೋಲ್ಫಿಯ ಬೋಳುತಲೆ, ತೇಜ್ ಬಹಾದೂರನ ಮೊಣಕಾಲು,
ಹಗ್ಗದ ಮೇಲಿನ ಒದ್ದೆ ಬನೀನು,
ಎಲ್ಲದಕ್ಕೂ ಹೆಪ್ಪು ಹಾಕಿಟ್ಟ ಹಾಗೆ.
ಅದಕ್ಕೂ ಮುಂಚೆ ಫೋನ್ ಕಂಪನಿ ಇತ್ತು. ನಾವೆಲ್ಲ ನೀಲಿ.
ಇದಿನಬ್ಬ ಅನ್ನುತ್ತಿದ್ದ, "ವಿಷ ಕುಡಿದವರ ಹಾಗೆ ಕಾಣ್ತೀರಿ ಮಾರಾಯ್ರೆ."

ದೂರು ಕೊಡಲು ಒಂದು ಫಾರಂ ಇದೆ. ತಂದೆ.
ಮೊದಲ ಸಾಲು: ನಿವಾಸದ ಸಂಖ್ಯೆ.
ಅಲ್ಲಿಗೆ ಪೆನ್ನು ನಿಂತಿತು.

ಒಂದು ಸಂಜೆ ಸಾಹೇಬರ ಕಾರಿನ ಬ್ಯಾಟರಿ ನಮ್ಮ ಗೇಟಿನೆದುರೇ ಸತ್ತಿತು.
ಮೆಕ್ಯಾನಿಕ್ ಬರುವವರೆಗೆ ಅಂತ ಮೇಲೆ ಬಂದರು,
ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಇದಿನಬ್ಬನ ಮಂಚದ ತುದಿಗೆ ಕೂತು
ಸುಲೈಮಾನಿ ಕುಡಿದರು.
ಆರೂವರೆಗೆ ಬೋರ್ಡು ಹೊತ್ತಿತು.
ಅವರ ಬಿಳಿ ದಿಶ್ದಾಶ ಇನ್ನಷ್ಟು ಬಿಳಿಯಾಯಿತು.
ಜೇಬಿನಿಂದ ಬೆಳಕಿನ ಮೀಟರು ತೆಗೆದು ದಿಂಬಿನ ಮೇಲಿಟ್ಟರು, ನೋಡಿದರು,
ಏನೂ ಅನ್ನದೆ ಮತ್ತೆ ಜೇಬಿಗಿಳಿಸಿದರು.
"ನಕ್ಷೆ ನನ್ನ ಕೈಯಲ್ಲಿಲ್ಲ" ಅಂದರು ಕೊನೆಗೆ.
"ಟೇಪು ಇದೆ. ಬಾ."

ಪರವಾನಗಿ ಸಂಖ್ಯೆ ಬಲಗಡೆಯ ಕೆಳಮೂಲೆಯಲ್ಲಿರಬೇಕು,
ಇಪ್ಪತ್ತು ಸೆಂಟಿಮೀಟರ್ ಎತ್ತರ.
ಏಣಿ ಹತ್ತಿ ಟೇಪು ಹಿಡಿದೆ: ಹದಿನೆಂಟೂವರೆ.
ಸಾಹೇಬರು ಬಹಳ ನಿಧಾನವಾಗಿ,
ಮದುವೆ ಕಾಗದ ಬರೆಯುವವರ ಅಕ್ಷರದಲ್ಲಿ ಬರೆದುಕೊಂಡರು.

ಹನ್ನೊಂದು ರಾತ್ರಿ ಕತ್ತಲೆ.
ಮೊದಲ ರಾತ್ರಿ ಯಾರಿಗೂ ನಿದ್ದೆ ಬರಲಿಲ್ಲ.
ಬಚ್ಚಲಿಗೆ ಹೊರಟ ಡೋಲ್ಫಿ ತೇಜ್ ಬಹಾದೂರನ ಕಾಲು ತುಳಿದ.
ಆ ಬೆಳಕಿನಲ್ಲೇ ಕಂಡವರ ಪ್ಯಾಂಟಿಗೆ ಝಿಪ್ಪು ಹೊಲಿದು
ನೂರು ನೂರು ಬೈಸ ಕೂಡಿಸುತ್ತಿದ್ದ ಇದಿನಬ್ಬ
ಸೂಜಿಯ ಕಣ್ಣು ಸಿಗದೆ ನನ್ನನ್ನು ಬೈದ:
"ನಿನ್ನ ನಿಯಮ ತೆಗೆದು ಒಲೆಗೆ ಹಾಕು."
ಅವನಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ.
ನಾಲ್ಕನೆಯ ರಾತ್ರಿ, ನಮ್ಮ ಪಾಲಿನ ಆಕಾಶ ಎಷ್ಟು ಅಂತ ತಿಳಿಯಿತು:
ಕಿಟಕಿಯ ಮೇಲಂಚಿನಲ್ಲಿ ಒಂದು ಗೇಣು.
ಕರೆದು ತೋರಿಸೋಣವೆಂದರೆ
ಎಂಟೂ ಜನ ಗೊರಕೆ ಹೊಡೆಯುತ್ತಿದ್ದರು.

ಹನ್ನೆರಡನೆಯ ದಿನ ಲೋಟ ಮತ್ತೆ ತುಂಬತೊಡಗಿತು.
ಮೂಲೆಯಲ್ಲಿ ಸಂಖ್ಯೆ, ಇಪ್ಪತ್ತೊಂದು ಸೆಂಟಿಮೀಟರ್, ಕೊಂಕಿಲ್ಲ.
ಮಲಗಿದಲ್ಲಿಂದಲೇ ಓದಬಹುದು:
ನಾಲ್ಕು ಸೊನ್ನೆ ಏಳು, ಒಂದು ಒಂದು ಆರು.

ಈಗ ನೀರಿನ ಟ್ಯಾಂಕರಿನವನಿಗೆ ಫೋನು ಮಾಡಿದರೆ
ಮನೆ ನಂಬರು ಕೇಳುತ್ತಾನೆ.
ಅದನ್ನೇ ಹೇಳುತ್ತೇನೆ.
ಬರುತ್ತಾನೆ.