ತೊಂಬತ್ತರ ಗೆರೆ

ಮೊದಲು ಕೈ.
ನರ್ಸ್‌ಬಾಯಿ ಹೇಳಿಕೊಟ್ಟ ಪಾಠ ಅದು:
ಮೊದಲು ಕೈ ಮಾರಾಯ, ಆಮೇಲೆ ಬಾಟಲಿ.
ಹುಣಸೆಹಣ್ಣು, ಕಲ್ಲುಪ್ಪು, ಲಿಂಬೆಸಿಪ್ಪೆ,
ಕೊನೆಗೆ ಉಜ್ವಲಾ ತಂದಿಟ್ಟ ಗುಲಾಬಿ ಸೋಪು.
ಹದಿನೆಂಟು ವರ್ಷದ ಬಾಂಗಡೆ
ಉಗುರಿನ ಬುಡದಲ್ಲಿ ಸಂಸಾರ ಹೂಡಿದೆ, ಏಳುವುದಿಲ್ಲ.
ಮೂಸಿದರೆ
ಗುಲಾಬಿ ಮುಡಿದ ಬಾಂಗಡೆ.

ಅವಳು ಐದೂವರೆಗೇ ಹೊರಟಳು,
ಹೆಗಲಿಗೆ ಟಿಕೆಟ್ ಮಷಿನ್ನು, ಎದೆಗೆ ಎರಡು ಮಡಿಕೆ ಬಟ್ಟೆ.
ಕಾರವಾರ ಕುಮಟಾ, ಕುಮಟಾ ಕಾರವಾರ,
ಚಿಲ್ಲರೆ ಕೊಡಿ, ಮುಂದೆ ನಡೀರಿ.
ಅವಳು ಹಿಂಡಿಟ್ಟ ಹಾಲು
ಪಕ್ಕದ ರೋಜಿಬಾಯಿಯ ಫ್ರಿಜ್ಜಿನಲ್ಲಿ
ಸೆಟ್ಲಿ ಡಬ್ಬಿಯ ಮಗ್ಗುಲಿಗೆ
ನಡುಗುತ್ತ ಕೂತಿದೆ.

ಎರಡು ತಿಂಗಳು ಕಡಲಿಗೆ ರಜೆ.
ಬೈತಖೋಲದಲ್ಲಿ ಬೋಟುಗಳು ಒಂದರ ಭುಜಕ್ಕೊಂದು ಒರಗಿ
ಮಡಲು ಹೊದ್ದು ಮಲಗಿವೆ.
ಬಲೆ ಬಿಚ್ಚಿ ಕೂತವರು, ಇಸ್ಪೀಟು ಹಿಡಿದವರು
ದಾರಿಯಲ್ಲಿ ಕಂಡರೆ ಕೂಗುತ್ತಾರೆ:
ಬಾಟ್ಲಿ ಆಯ್ತೇನೋ ಇವತ್ತಿಂದು?
ಆಯ್ತು ಅನ್ನುತ್ತೇನೆ,
ಮೂರು.

ಎಂಜಿನ್ ಬಿಚ್ಚಿದವನಿಗೆ ಇದೇನು ಅಂದುಕೊಂಡಿದ್ದೆ.
ನಾಲ್ಕೇ ತುಂಡು. ಆದರೆ ಆ ರಿಂಗಿನ ಒಳಸುತ್ತಿನಲ್ಲಿ
ಹಾಲು ಒಣಗಿ ಕೂರುವ ಹಳದಿ ಎಳೆ,
ಅದಕ್ಕೆ ಬ್ರಶ್ಶು ಹೋಗದು. ಕಿರುಬೆರಳು ಹೋಗದು.
ಬಲೆಯ ದಾರವನ್ನೇ ನೆನೆಸಿ ಎಳೆದೆ,
ಬಂತು.
ನಿಪ್ಪಲ್ಲಿನ ತೂತು ಮಾತ್ರ
ಯಾರೂ ಹೇಳಿಕೊಡಬೇಕಾಗಲಿಲ್ಲ.
ಕಣ್ಣಿನ ಅಳತೆ ಕುಲದಲ್ಲೇ ಇದೆ.
ಬಲೆಯ ಕಣ್ಣು ಹಿಗ್ಗಿದರೆ ಮೀನು ತಪ್ಪುತ್ತದೆ,
ಇದರ ಕಣ್ಣು ಹಿಗ್ಗಿದರೆ ಸಾನಿಕಾ ಕೆಮ್ಮುತ್ತಾಳೆ.
ಬೋರಲು ಹಿಡಿದರೆ ಹನಿ, ನಿಂತು, ಇನ್ನೊಂದು ಹನಿ.
ಧಾರೆ ಬಿತ್ತೋ, ಅದು ಕಸಕ್ಕೆ.

ಆಮೇಲೆ ದೊಡ್ಡ ಪಾತ್ರೆ.
ನೀರು ಮಳ್ಳಿದ ಮೇಲೆ ಲೆಕ್ಕ, ಅದಕ್ಕಿಂತ ಮೊದಲಲ್ಲ.
ಬಾಟಲಿ ಹೊಟ್ಟೆಯಲ್ಲಿ ಗಾಳಿ ಹಿಡಿದು ಮೇಲೆ ತೇಲುತ್ತದೆ,
ಸವುಟಿನಿಂದ ಓರೆ ಮಾಡಿ ನೀರು ಕುಡಿಸುತ್ತೇನೆ.
ಮುಳುಗು, ಪೂರ್ತಿ ಮುಳುಗು ಎಂದು
ಈ ಬಾಯಿ ಈ ತನಕ
ಯಾವುದಕ್ಕೂ ಹೇಳಿದ್ದಿಲ್ಲ.

ಮೊದಲ ನಾಲ್ಕು ದಿನ ಅವಳು ಮುಖ ತಿರುಗಿಸಿದಳು.
ಇಷ್ಟು ತಿಕ್ಕಿದ ಕೈ, ಇಷ್ಟು ಕುದಿಸಿದ ಬಾಟಲಿ,
ತಾಯಿಯದೇ ಹಾಲು,
ಚೀರಿದ್ದಕ್ಕೆ ರೋಜಿಬಾಯಿಯ ನಾಯಿ ಎದ್ದು ಬಂತು.
ಐದನೆಯ ದಿನ
ಉಜ್ವಲಾಳ ಒಗೆಯದ ಖಾಕಿ ಅಂಗಿ ಹೆಗಲಿಗೆ ಹಾಕಿಕೊಂಡೆ.
ಡೀಸೆಲ್ಲು, ಬೆವರು, ನೂರು ಜನರ ಹತ್ತು ರೂಪಾಯಿ ನೋಟು.
ಮೂಗು ಅದರಲ್ಲಿ ಹುಗಿದು
ಕಣ್ಣು ಮುಚ್ಚಿ
ಗಟಗಟ.

ಕುದಿದು ಕುದಿದು ಬಾಟಲಿಯ ಮೇಲಿನ ಅಂಕಿ ಮಾಸಿತು.
ಅರವತ್ತು ಹೋಯಿತು, ನೂರಿಪ್ಪತ್ತು ಹೋಯಿತು,
ತೊಂಬತ್ತರಲ್ಲಿ ಸೊನ್ನೆಯಿಲ್ಲದ ಒಂಬತ್ತು.
ಹೊಸದು ತರೋಣ, ಸಂಬಳವಾಗಲಿ ಎಂದಳು.
ಅಲ್ಲಿಯ ತನಕ ಎಂದು ಅಳೆದು ಸುರಿದು
ನೀಲಿ ದಾರ ಬಿಗಿದೆ, ಬಲೆಯ ಗಂಟು,
ಜಾರುವ ಮಾತಿಲ್ಲ.
ರಾತ್ರಿ ಬಂದವಳು ದೀಪಕ್ಕೆ ಹಿಡಿದು ನೋಡಿದಳು.
ಬಾಟ್ಲಿಗೂ ಬಲೆ ಹಾಕಿದ್ಯಾ?
ನಗಲು ಹೋಗಿ ನಿಂತಳು. ಆಮೇಲೆ ಹೇಳಿದಳು,
ಅಂಕೋಲಾ ಸ್ಟ್ಯಾಂಡಿನಲ್ಲಿ ಯಾರದೋ ಮಗು ಅತ್ತಿತಂತೆ,
ಟಿಕೆಟ್ ಹೊರಬರುವ ಮೊದಲೇ
ಎದೆ ಒದ್ದೆ.
ಬ್ಯಾಗು ಅಡ್ಡ ಹಿಡಿದು ಕುಮಟಾ ತನಕ
ಚಿಲ್ಲರೆ ಎಣಿಸಿದಳಂತೆ.

ಆಗಸ್ಟು ಬಂತು.
ಹೊರಡುವ ಮುನ್ನ ಎಲ್ಲ ತೋರಿಸಿದೆ ರೋಜಿಬಾಯಿಗೆ,
ಕೈ, ರಿಂಗು, ದಾರ, ಸವುಟು, ಮುಳುಗಿಸುವ ಬಗೆ.
ಆರು ಹೆತ್ತವಳು
ತುಟಿ ಎರಡು ಮಾಡದೆ ಕೇಳಿದಳು.

ಈಗ ದೇವಗಡದ ದೀಪ ಹಿಂದೆ ಉಳಿದಿದೆ.
ಬಲೆ ಬಿಟ್ಟಾಯಿತು. ತಾಂಡೇಲ ಚಹಾ ಕೊಟ್ಟ.
ಲೋಟ ಬಗ್ಗಿಸಿ ಒಂದು ಹನಿ
ಮಣಿಕಟ್ಟಿನ ಒಳಮೈಗೆ ಬಿಟ್ಟುಕೊಂಡೆ.
ಎಂತದೋ ಅದು, ಎಂದ.
ಬಿಸಿ ಹೆಚ್ಚಿತ್ತು.
ಆರಲಿ ಎಂದು ಕಾದೆ.